ಚೆಂಡಿಗೆ ಚೆಂಡು

ಕಾಪುವಿನ ಬ್ಯಾಂಕಿನಲ್ಲಿ ಭವ್ಯಶ್ರೀಗೆ ಮೂರನೆಯ ದಿನವೂ ಅದೇ ಉತ್ತರ ಸಿಕ್ಕಿತು. ಗಾಜಿನ ಆಚೆ ಕೂತವನು ಕಂಪ್ಯೂಟರನ್ನು ಅವಳ ಕಡೆ ತಿರುಗಿಸುವ ಉಪಕಾರವನ್ನೂ ಮಾಡಲಿಲ್ಲ.

"ಖಾತೆ ಫ್ರೀಜ್ ಆಗಿದೆ ಮೇಡಂ. ನಮ್ಮ ಕೈಯಲ್ಲಿ ಎಂತದೂ ಇಲ್ಲ."

"ಯಾರ ಕೈಯಲ್ಲಿ ಉಂಟು?"

"ಬೇರೆ ರಾಜ್ಯದ ಸೈಬರ್ ಪೊಲೀಸರದ್ದು. ನಿಮಗೆ ಯಾರೋ ಹಾಕಿದ ದುಡ್ಡು ಮೋಸದ ದುಡ್ಡಂತೆ."

"ಎಷ್ಟು?"

"ಐನೂರು."

"ಖಾತೆಯಲ್ಲಿ ಇರುದು ನಲವತ್ತೊಂದು ಸಾವಿರ. ಆ ಐನೂರು ಹಿಡ್ಕೊಳ್ಳಿ, ಉಳಿದದ್ದು ಕೊಡಿ."

"ಹಾಗೆ ಆಗುದಿಲ್ಲ ಮೇಡಂ. ಒಂದು ಮೀನು ಕೊಳೆತರೆ..." ಎಂದು ಶುರು ಮಾಡಿದವನು, ಎದುರಿಗಿರುವುದು ಎರ್ಮಾಳಿನ ಮೀನುಗಾರರ ಮನೆಯವಳೆಂದು ನೆನಪಾಗಿ ಅರ್ಧಕ್ಕೆ ನಿಲ್ಲಿಸಿದ.

"ಒಂದು ಮೀನು ಕೊಳೆತರೆ ನಾವು ಅದೊಂದನ್ನು ಬಿಸಾಡ್ತೇವೆ ಸರ್. ಬುಟ್ಟಿಗೆ ಬೀಗ ಹಾಕುದಿಲ್ಲ."

ಸಾಲಿನಲ್ಲಿ ನಿಂತವರು ನಕ್ಕರು. ನಗು ಬಂತು, ದುಡ್ಡು ಬರಲಿಲ್ಲ.

ಭವ್ಯಶ್ರೀ ಡಿಪ್ಲೊಮಾ ಮುಗಿಸಿ ಮಣಿಪಾಲದ ಲ್ಯಾಬೊಂದರಲ್ಲಿ ನಾಲ್ಕು ವರ್ಷ ಗುತ್ತಿಗೆಯ ಮೇಲೆ ದುಡಿದವಳು. ಗುತ್ತಿಗೆ ಮುಗಿದ ವಾರವೇ ಲ್ಯಾಬಿನವರು ಗುಜರಿಗೆ ಹಾಕಿದ ಹಳೆಯ ತ್ರೀಡಿ ಪ್ರಿಂಟರನ್ನು ಆರು ಸಾವಿರಕ್ಕೆ ಕೊಂಡು, ರಿಕ್ಷಾದಲ್ಲಿ ಮಡಿಲ ಮೇಲಿಟ್ಟುಕೊಂಡು ಎರ್ಮಾಳಿಗೆ ತಂದಿದ್ದಳು. ಅಪ್ಪ ಚೆನ್ನಪ್ಪ ಬಲೆ ತುಂಬುತ್ತಿದ್ದ ಕೋಣೆಯನ್ನು ಜಗಳವಾಡಿ ಖಾಲಿ ಮಾಡಿಸಿ ಅಲ್ಲಿ ಅದನ್ನು ಕೂರಿಸಿದಳು.

ಅವಳು ಮಾಡುತ್ತಿದ್ದುದು ಇಂಪೆಲ್ಲರ್. ನಾಡದೋಣಿಯ ಎಂಜಿನ್ ತಣ್ಣಗಿರಬೇಕಾದರೆ ಸಮುದ್ರದ ನೀರನ್ನೇ ಎಳೆದು ಕುಡಿಯುತ್ತಿರಬೇಕು. ನೀರೆಳೆಯುವುದು ಅಂಗೈಗಿಂತ ಚಿಕ್ಕದಾದ, ಆರು ರೆಕ್ಕೆಯ ಒಂದು ರಬ್ಬರ್ ಚಕ್ರ. ನೀರಿನ ಜೊತೆ ಮರಳೂ ಬರುತ್ತದೆ, ರೆಕ್ಕೆ ಸವೆಯುತ್ತದೆ, ಎಂಜಿನ್ ಕಾದು ನಡುಗಡಲಿನಲ್ಲಿ ನಿಲ್ಲುತ್ತದೆ. ಕಂಪನಿಯ ಚಕ್ರಕ್ಕೆ ಎರಡು ಸಾವಿರ, ಬುಕ್ ಮಾಡಿ ಹದಿನೈದು ದಿನ ಕಾಯಬೇಕು. ಭವ್ಯಶ್ರೀ ಪ್ರಿಂಟರಿನಲ್ಲಿ ಮಾದರಿ ತೆಗೆದು, ಅದರಿಂದ ಅಲ್ಯೂಮಿನಿಯಂ ಅಚ್ಚು ಎರಕ ಹೊಯ್ಸಿ, ಮನೆಯಲ್ಲೇ ರಬ್ಬರ್ ಬೇಯಿಸಿ ಮರುದಿನವೇ ಐನೂರಕ್ಕೆ ಕೊಡುತ್ತಿದ್ದಳು. ಮೊದಲ ಹತ್ತು ಚಕ್ರಗಳ ರೆಕ್ಕೆ ಮುರಿದು ಅಪ್ಪನಿಂದಲೇ ಬೈಗಳು ತಿಂದಿದ್ದಳು. ಹನ್ನೊಂದನೆಯದು ಇನ್ನೂ ಓಡುತ್ತಿತ್ತು.

ಈಗ ಆಗಸ್ಟ್ ತಿಂಗಳು. ಕಡಲು ತಣಿದಿತ್ತು, ದೋಣಿಗಳು ದಿನವೂ ಇಳಿಯುತ್ತಿದ್ದವು. ಇಪ್ಪತ್ತಾರು ಜನ ಇಂಪೆಲ್ಲರಿಗೆ ಹೇಳಿಹೋಗಿದ್ದರು. ರಬ್ಬರ್ ತರಲು ಅವಳ ಕೈಯಲ್ಲಿ ಕಾಸಿಲ್ಲ. ನೋಟು ಕೊಡಿ ಎಂದರೆ ದೋಣಿಯವರಲ್ಲೂ ಇಲ್ಲ. ಮೀನಿನ ದುಡ್ಡು ಸೊಸೈಟಿಗೆ ಬೀಳುತ್ತದೆ. ಸೊಸೈಟಿ ಸಾಲದ ಕಂತು ಹಿಡಿದುಕೊಂಡು ಉಳಿದದ್ದನ್ನು ಫೋನಿಗೆ ಕಳಿಸುತ್ತದೆ. ಅವಳ ಫೋನಿಗೆ ಯಾರು ಏನು ಕಳಿಸಿದರೂ ಅದು ಆ ಬೀಗದ ಬುಟ್ಟಿಗೇ ಹೋಗಿ ಬೀಳುತ್ತದೆ. ಇನ್ನೊಂದು ಬ್ಯಾಂಕಿಗೆ ಹೋದರೆ ಅಲ್ಲಿಯವರು ಹಳೆಯ ಬ್ಯಾಂಕಿನ ಕಾಗದ ತನ್ನಿ ಎಂದರು. ಅಪ್ಪನ ಖಾತೆಗೆ ಹಾಕಿಸೋಣವೆಂದರೆ ಅದಕ್ಕೆ ಬಿದ್ದದ್ದನ್ನು ಸೊಸೈಟಿ ಸಾಲಕ್ಕೆ ಮುರಿದುಕೊಳ್ಳುತ್ತಿತ್ತು.

"ನಾನು ಆಗಲೇ ಹೇಳಿದ್ದೆ, ಎಲ್ಲಿಯಾದರೂ ಸಂಬಳಕ್ಕೆ ಹೋಗು ಅಂತ," ಎಂದ ಚೆನ್ನಪ್ಪ.

"ಸಂಬಳ ಎಲ್ಲಿಗೆ ಬೀಳುದು ಅಪ್ಪ? ಅದೇ ಖಾತೆಗೆ."

ಜಗಲಿಯಲ್ಲಿ ಬುಟ್ಟಿ ತೊಳೆಯುತ್ತಿದ್ದ ಅಕ್ಕು ಮಾಮಿ ನಕ್ಕಳು. ಅಕ್ಕು ಮಾಮಿ ಚೆನ್ನಪ್ಪನ ಅಕ್ಕ. ಮೂವತ್ತು ವರ್ಷದಿಂದ ಶಂಕರಪುರದ ಮನೆಮನೆಗೆ ಮೀನು ಹೊತ್ತವಳು. ಮೊದಲು ತಲೆಯ ಮೇಲೆ, ಈಗ ಸ್ಕೂಟರಿನಲ್ಲಿ.

"ಬ್ಯಾಂಕ್ ಇಲ್ಲದಿದ್ದರೆ ಸತ್ತೇ ಹೋಗ್ತಾಳೆ ಇವಳು. ಶಂಕರಪುರದ ಬಾಯಮ್ಮಂದಿರು ನಂಗೆ ಯಾವ ಬ್ಯಾಂಕಿಂದ ಕೊಡುದು, ಗೊತ್ತುಂಟಾ? ಕೈಯಲ್ಲಿ ಕಾಸಿಲ್ಲದ ದಿನ ಹೂ ಕೊಡ್ತಾರೆ. ಹೂ ಸಹ ಇಲ್ಲದಿದ್ದರೆ ಗೋಡೆಯಲ್ಲಿ ಗೆರೆ."

ಅದು ಭವ್ಯಶ್ರೀಗೆ ಗೊತ್ತಿದ್ದ ಸಂಗತಿಯೇ, ಆದರೆ ಇಲ್ಲಿಯವರೆಗೆ ಅದಕ್ಕೆ ತಲೆ ಕೊಟ್ಟಿರಲಿಲ್ಲ. ಶಂಕರಪುರದ ಹೆಂಗಸರು ಬೆಳಿಗ್ಗೆ ಮಲ್ಲಿಗೆ ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟುತ್ತಾರೆ. ಎಂಟುನೂರು ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹೂ ಕೊಳ್ಳುವ ಕಟ್ಟೆಗೆ ತುಂಬಿದ ಅಟ್ಟೆಯೇ ಬೇಕು. ಮೂರೂವರೆ ಚೆಂಡಾದರೆ ಪಕ್ಕದ ಮನೆಯಿಂದ ಅರ್ಧ ಚೆಂಡು ಸಾಲ ತರುತ್ತಾರೆ. ಆ ಸಾಲವನ್ನು ದುಡ್ಡಿನಲ್ಲಿ ತೀರಿಸುವ ಹಾಗಿಲ್ಲ. ಇವತ್ತು ಚೆಂಡಿಗೆ ಇಪ್ಪತ್ತು ರೂಪಾಯಿ, ನಾಳೆ ಐನೂರು. ದುಡ್ಡಿನ ಲೆಕ್ಕಕ್ಕೆ ಹೋದರೆ ನೆರೆಮನೆಯವರು ಮಾತು ಬಿಡಬೇಕಾದೀತು. ಹಾಗಾಗಿ ಚೆಂಡಿಗೆ ಚೆಂಡು. ಕೊಟ್ಟ ನೆನಪಿಗೆ ಗೋಡೆಯ ಮೇಲೆ ಇದ್ದಿಲಿನಲ್ಲಿ ಒಂದು ಗೆರೆ.

"ಮಾಮಿ, ಆ ಗೆರೆ ನೀವು ಅಪ್ಪನಿಗೆ ಕೊಟ್ಟರೆ ಅಪ್ಪ ಮೀನು ಕೊಟ್ಟಾರಾ?"

"ಹೂ ತಗೊಂಡು ಅವನು ಎಂತ ಮಾಡ್ತಾನೆ, ಮುಡಿಯುದಾ?"

"ನಂಗೆ ಕೊಡಲಿ. ನಾನು ಇಂಪೆಲ್ಲರ್ ಕೊಡ್ತೇನೆ."

ಚೆನ್ನಪ್ಪ ಬೀಡಿಯ ತುದಿ ನೋಡುತ್ತ ಕೂತ. "ನೀನು ಹೂ ತಗೊಂಡು?"

ಅದಕ್ಕೆ ಉತ್ತರ ಕಾರ್ಕಳದಲ್ಲಿತ್ತು.

ಮೊದಲು ಅವಳು ಮಣಿಪಾಲಕ್ಕೆ ಹೋಗಿ ಸೌಮ್ಯಶ್ರೀಯನ್ನು ಹಿಡಿದಳು. ಲ್ಯಾಬಿನಲ್ಲಿ ಜೊತೆಗೆ ಕೆಲಸ ಮಾಡಿದ್ದ ಗೆಳತಿ, ಈಗ ಪ್ರೋಗ್ರಾಂ ಬರೆದು ಹೊಟ್ಟೆ ಹೊರೆಯುವವಳು. ಚಹಾದ ಅಂಗಡಿಯಲ್ಲಿ ಎಲ್ಲ ಕೇಳಿ ಅವಳು ಲೋಟ ಕೆಳಗಿಟ್ಟಳು.

"ನೀನು ಕರೆನ್ಸಿ ಮಾಡ್ಲಿಕ್ಕೆ ಹೊರಟದ್ದು ಮಾರಾಯ್ತಿ. ಒಳಗೆ ಹಾಕ್ತಾರೆ."

"ಕರೆನ್ಸಿ ಅಲ್ಲ, ಗೋಡೆ. ಎಲ್ಲರ ಫೋನಿನಲ್ಲೂ ಒಂದೇ ಗೋಡೆ ಇರಬೇಕು. ಒಬ್ಬ ಗೆರೆ ಅಳಿಸಿದರೆ ಉಳಿದವರ ಗೋಡೆಯಲ್ಲಿ ಕಾಣಬೇಕು."

"ಅದಕ್ಕೆ ದೊಡ್ಡ ದೊಡ್ಡ ಹೆಸರು ಉಂಟು."

"ಹೆಸರು ನಂಗೆ ಬೇಡ. ಆಗ್ತದಾ ಹೇಳು."

ಹನ್ನೊಂದು ದಿನದಲ್ಲಿ ಆಯಿತು. ಫೋನಿನ ಗೋಡೆಗೆ ಎರಡೇ ನಿಯಮ. ಒಂದು ಚೆಂಡು ಬರೆದರೆ ಅಷ್ಟು ಹೂ ಸಾಲ ಇದೆ ಎಂದರ್ಥ. ಮಲ್ಲಿಗೆ ಗಿಡ ಇದ್ದ ಮನೆಯವರು ಮಾತ್ರ ಹೊಸ ಚೆಂಡು ಬರೆಯಬಹುದು, ಅದೂ ಒಂದು ಮನೆಗೆ ಹತ್ತಕ್ಕಿಂತ ಹೆಚ್ಚಿಲ್ಲ. ಒಮ್ಮೆ ಬರೆದ ಚೆಂಡು ಯಾರ ಕೈಗಾದರೂ ದಾಟಬಹುದು. ಕೊನೆಗೆ ಹಿಡಿದವನು ಬಂದು ಕೇಳಿದ ದಿನ ಹೂವನ್ನೇ ಕೊಡಬೇಕು.

ಕಾರ್ಕಳದಲ್ಲಿ ಮ್ಯಾಕ್ಸಿಮ್ ಪೊರ್ಬುಗಳ ಟಯರ್ ರೀಟ್ರೆಡಿಂಗ್ ಅಂಗಡಿ. ಕ್ರೈಸ್ತ ಗಂಡಸರನ್ನು ಆ ಕಡೆ ಪೊರ್ಬುಗಳು, ಹೆಂಗಸರನ್ನು ಬಾಯಮ್ಮ ಎನ್ನುತ್ತಾರೆ. ಲಾರಿಯ ಸವೆದ ಟಯರಿಗೆ ಹೊಸ ರಬ್ಬರ್ ಕೂರಿಸುವ ಕಸುಬು. ಭವ್ಯಶ್ರೀ ಇಂಪೆಲ್ಲರಿಗೆ ರಬ್ಬರ್ ಕೊಳ್ಳುತ್ತಿದ್ದದ್ದು ಅವರಿಂದಲೇ.

"ಹೂವಿಗೆ ರಬ್ಬರ್ ಕೊಡುದಾ? ನಂಗೆ ತಲೆ ಸರಿ ಉಂಟು ಮಗಾ."

"ಕ್ರಿಸ್ಮಸ್ ಕಳೆದ ಮೂರನೇ ದಿನ ನಿಮ್ಮ ಮಗಳ ಮದುವೆ ಅಲ್ವಾ ಪೊರ್ಬುಗಳೇ? ಎಷ್ಟು ಅಟ್ಟೆ ಮಲ್ಲಿಗೆ ಬೇಕು?"

"ಮದುಮಗಳಿಗೆ, ಇಗರ್ಜಿಗೆ, ಮದುವೆ ಹಾಲಿಗೆ... ಇಪ್ಪತ್ತಾದರೂ ಬೇಕು."

"ಆ ಚಳಿಗೆ ಅಟ್ಟೆಗೆ ಎಷ್ಟಾಗ್ತದೆ?"

ಮ್ಯಾಕ್ಸಿಮ್ ಕೈ ಒರೆಸುವುದನ್ನು ನಿಲ್ಲಿಸಿದರು. "ಎರಡು ಸಾವಿರ. ಕೇಳಿದ್ದು ಕೊಡಬೇಕು."

"ಈಗ ಎಂಟುನೂರು. ಈಗಿನ ಲೆಕ್ಕದಲ್ಲಿ ರಬ್ಬರ್ ಕೊಡಿ, ಆಗ ಹೂ ತಗೊಳ್ಳಿ."

ಮ್ಯಾಕ್ಸಿಮ್ ಪ್ರೆಸ್ಸಿನ ಸ್ವಿಚ್ಚು ಆರಿಸಿದರು. ಆಮೇಲೆ ಜೇಬಿನಿಂದ ಫೋನ್ ತೆಗೆದು ಅವಳ ಮುಂದೆ ಹಿಡಿದರು. "ಹಾಕಿ ಕೊಡು ನಿನ್ನ ಗೋಡೆ. ಮೋಸ ಮಾಡಿದರೆ ಆ ಟಯರಿನ ಒಳಗೆ ಹಾಕಿ ಬೇಯಿಸ್ತೇನೆ."

ಹೀಗೆ ಚೆಂಡು ಸುತ್ತತೊಡಗಿತು. ಶಂಕರಪುರದ ಹದಿನಾಲ್ಕು ಮನೆಯವರು ಅಕ್ಕು ಮಾಮಿಯ ಬಂಗುಡೆ ಮೀನಿಗೆ ಚೆಂಡು ಬರೆದರು. ಮಾಮಿಯಿಂದ ದೋಣಿಯವರಿಗೆ, ದೋಣಿಯವರಿಂದ ಇಂಪೆಲ್ಲರಿಗಾಗಿ ಭವ್ಯಶ್ರೀಗೆ, ಅವಳಿಂದ ಮ್ಯಾಕ್ಸಿಮ್ ಪೊರ್ಬುಗಳಿಗೆ. ಎರಡು ಚೆಂಡಿಗೆ ಒಂದು ಇಂಪೆಲ್ಲರ್, ಒಂದು ಚೆಂಡಿಗೆ ಒಂದು ಕಿಲೋ ರಬ್ಬರ್. ಇಪ್ಪತ್ತಾರು ದೋಣಿಗಳೂ ಚೌತಿಯೊಳಗೆ ನೀರಿಗಿಳಿದವು. ಪಡುಬಿದ್ರಿಯಿಂದ, ಉಚ್ಚಿಲದಿಂದ, ಕೊನೆಗೆ ಮಲ್ಪೆಯಿಂದಲೂ ಜನ ಸವೆದ ಚಕ್ರ ಕಾಗದದಲ್ಲಿ ಸುತ್ತಿಕೊಂಡು ಬಂದರು. ಭವ್ಯಶ್ರೀ ಎಂಜಿನ್ನಿನ ಹಿಡಿ, ಕ್ಲಿಪ್ಪು, ನೀರಿನ ಪೈಪಿನ ಮೂತಿಯನ್ನೂ ಮಾಡತೊಡಗಿದಳು. ಬ್ಯಾಂಕಿನ ನಲವತ್ತೊಂದು ಸಾವಿರ ಇದ್ದಲ್ಲೇ ಇತ್ತು.

ನವೆಂಬರಿನಲ್ಲಿ ರೂಪೇಶ್ ಬಂದ. ಶಂಕರಪುರದಲ್ಲಿ ಅವನದೊಂದು ಹೂವಿನ ಕಟ್ಟೆ. ಆ ಹದಿನಾಲ್ಕು ಮನೆಯ ಹೂ ಅಜ್ಜನ ಕಾಲದಿಂದ ಆ ಕಟ್ಟೆಗೇ ಹೋಗುವುದು. ಸೊಸೈಟಿಯಲ್ಲಿ ನಿರ್ದೇಶಕನೂ ಅವನೇ. ಕಂಪನಿಯ ಬಿಲ್ ಇಲ್ಲದ ಬಿಡಿಭಾಗ ಹಾಕಿದ ದೋಣಿಗೆ ಸಾಲವಿಲ್ಲ ಎಂದು ಅಕ್ಟೋಬರಿನಲ್ಲಿ ನೋಟೀಸು ಅಂಟಿಸಿದ್ದು ಅವನ ಕೆಲಸ. ನೋಟೀಸಿನ ಮೇಲೆ ಯಾರೋ ಬಂಗುಡೆಯ ಚಿತ್ರ ಬಿಡಿಸಿದ್ದರು, ಅಷ್ಟೆ.

ಕೋಣೆಯಲ್ಲಿ ಕುರ್ಚಿ ಇರಲಿಲ್ಲ. ಮೀನಿನ ಪೆಟ್ಟಿಗೆಯ ಮೇಲೆ ಕರವಸ್ತ್ರ ಹಾಸಿ ಕೂತ.

"ಒಳ್ಳೆ ಕೆಲಸ ಮಾಡ್ತಿದ್ದಿ. ಸೊಸೈಟಿ ಮೂಲಕ ಮಾಡುವ. ಹೆಸರು ಸೊಸೈಟಿಯದ್ದು, ಕೆಲಸ ನಿನ್ನದು. ತಿಂಗಳಿಗೆ ಹನ್ನೆರಡು ಸಾವಿರ ಸಂಬಳ."

"ಚಕ್ರಕ್ಕೆ ಎಷ್ಟು ಹಾಕ್ತೀರಿ?"

"ಅದು ಸೊಸೈಟಿ ನೋಡ್ತದೆ. ಮತ್ತೆ, ಆ ಚೆಂಡಿನ ಆಟ ನಿಲ್ಲಿಸು. ಹೂವಿನ ದರ ಹೇಳ್ಲಿಕ್ಕೆ ಕಟ್ಟೆ ಅಂತ ಒಂದು ಉಂಟು."

"ನಿಮ್ಮ ಕಟ್ಟೆಯಲ್ಲಿ ಎಷ್ಟು ಗಿಡ ಉಂಟು ರೂಪೇಶಣ್ಣ?"

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕರವಸ್ತ್ರ ಮಡಚಿಕೊಂಡ. "ಭಾರೀ ಮಾತು ಕಲ್ತಿದ್ದಿ. ಮಾತು ಕಟ್ಲಿಕ್ಕೆ ನಾರು ಬೇಡ, ಹೂ ಕಟ್ಲಿಕ್ಕೆ ಬೇಕು. ನೋಡುವ."

ಡಿಸೆಂಬರಿನ ಎರಡನೆಯ ವಾರ ಚಳಿ ಬಿತ್ತು. ಮದುವೆಗೆ ಇನ್ನು ನಾಲ್ಕು ದಿನ ಎನ್ನುವಾಗ ಶಂಕರಪುರದಿಂದ ಲೀನಾ ಬಾಯಮ್ಮನ ಫೋನ್ ಬಂತು. ಹದಿನಾಲ್ಕು ಮನೆಯವರಲ್ಲಿ ಮೊದಲ ಚೆಂಡು ಬರೆದವರು ಅವರೇ.

"ಭವ್ಯ, ಇವತ್ತು ನನಗೆ ಮೂರು ಚೆಂಡು ಸಹ ಆಗ್ಲಿಲ್ಲ. ಇಬ್ಬನಿಗೆ ಮೊಗ್ಗು ಬರುದೇ ಇಲ್ಲ. ಎಲ್ಲರ ಮನೆಯಲ್ಲೂ ಹಾಗೆಯೇ."

ಭವ್ಯಶ್ರೀ ಫೋನಿನ ಗೋಡೆ ತೆರೆದಳು. ನಾಲ್ಕು ತಿಂಗಳಿಂದ ಬರೆದ ಚೆಂಡುಗಳಲ್ಲಿ ಒಂದಕ್ಕೂ ಯಾರೂ ಹೂ ಕೇಳಿರಲಿಲ್ಲ. ಹೆಂಗಸರು ದಿನದಿನದ ಹೂವನ್ನು ಎಂದಿನಂತೆ ಕಟ್ಟೆಗೆ ಹಾಕುತ್ತಿದ್ದರು. ಚೆಂಡುಗಳೆಲ್ಲ ಸುತ್ತಿ ಸುತ್ತಿ ಮ್ಯಾಕ್ಸಿಮ್ ಪೊರ್ಬುಗಳ ಫೋನಿನಲ್ಲಿ ಹೋಗಿ ಕೂತಿದ್ದವು. ಎಂಬತ್ತು ಚೆಂಡು, ಇಪ್ಪತ್ತು ಅಟ್ಟೆ. ಮಲ್ಲಿಗೆ ಕೊಯ್ದು ಕೂಡಿಡುವ ವಸ್ತುವಲ್ಲ, ಎರಡನೆಯ ದಿನಕ್ಕೆ ಕೆಂಪಾಗುತ್ತದೆ. ಒಂದೇ ಬೆಳಗಿನಲ್ಲಿ ಇಪ್ಪತ್ತು ಅಟ್ಟೆ ಆಗಬೇಕು. ಹದಿನಾಲ್ಕು ಮನೆಯ ಗಿಡಗಳು ಈ ಚಳಿಯಲ್ಲಿ ಹತ್ತು ಕೊಟ್ಟರೆ ದೊಡ್ಡದು.

ಅಚ್ಚು ಇವತ್ತು ಆರು ಚಕ್ರ ಕೊಟ್ಟರೆ ನಾಳೆಯೂ ಆರು ಕೊಡುತ್ತದೆ. ಗಿಡವನ್ನೂ ಅವಳು ಅಚ್ಚಿನ ಹಾಗೆ ಎಣಿಸಿದ್ದಳು. ಡಿಸೆಂಬರಿನ ಅಟ್ಟೆಗೆ ದರ ಎರಡು ಸಾವಿರ ಎಂದು ಮ್ಯಾಕ್ಸಿಮ್ ಬಾಯಿಂದಲೇ ಹೇಳಿಸಿದವಳಿಗೆ, ಹೂ ಇಲ್ಲದ್ದಕ್ಕೇ ಆ ದರ ಎಂಬ ಸಣ್ಣ ಸಂಗತಿ ಹೊಳೆದಿರಲಿಲ್ಲ.

ರೂಪೇಶನಿಗೆ ಹೊಳೆದಿತ್ತು. ಮರುದಿನ ಕಟ್ಟೆಯಲ್ಲಿ ಅವನು ಸಾರಿದ: ಆ ಮದುವೆಯ ದಿನ ಬೆಳಿಗ್ಗೆ ಅಟ್ಟೆಗೆ ಮೂರು ಸಾವಿರ, ಕೈಗೇ ನೋಟು. ಹೂ ತರದವರ ಹೆಸರು ಪುಸ್ತಕದಿಂದ ಹೊಡೆಯಲಾಗುತ್ತದೆ. ಅವರ ಹೂವನ್ನು ಮತ್ತೆ ಈ ಕಟ್ಟೆ ಕೊಳ್ಳುವುದಿಲ್ಲ.

ಭವ್ಯಶ್ರೀ ಶಂಕರಪುರಕ್ಕೆ ಹೋದಾಗ ಲೀನಾ ಬಾಯಮ್ಮನ ಜಗಲಿಯಲ್ಲಿ ಹದಿನಾಲ್ಕು ಜನವೂ ಇದ್ದರು. ಅಕ್ಕು ಮಾಮಿ ಮೆಟ್ಟಿಲಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಅವರಲ್ಲಿ ಚಿಕ್ಕವಳಾದ ಶರ್ಮಿಳಾ ನೇರ ಮಾತಿಗಿಳಿದಳು.

"ನಂಗೆ ಮಗನ ಫೀಸು ಕಟ್ಲಿಕ್ಕೆ ಉಂಟು. ಮೂರು ಸಾವಿರ ಬಿಡ್ಲಿಕ್ಕೆ ನಾನೇನು ಹುಚ್ಚಿಯಾ? ಪೊರ್ಬುಗಳಿಗೆ ಮೇ ತಿಂಗಳಲ್ಲಿ ಕೊಡುವ. ಆಗ ಹೂ ರಾಶಿ ಬೀಳ್ತದೆ."

"ಮೇ ತಿಂಗಳಲ್ಲಿ ಪೊರ್ಬುಗಳ ಮಗಳು ಇನ್ನೊಂದು ಮದುವೆ ಆಗ್ತಾಳಾ?" ಎಂದಳು ಅಕ್ಕು ಮಾಮಿ.

ಭವ್ಯಶ್ರೀ ನಿಂತೇ ಇದ್ದಳು. "ತಪ್ಪು ನನ್ನದು. ಲೆಕ್ಕ ನಾನು ಸರಿ ಹಾಕ್ಲಿಲ್ಲ. ಹೂ ಕೊಡುದು ಬಿಡುದು ನಿಮಗೆ ಬಿಟ್ಟದ್ದು. ಕೊಡದಿದ್ದರೆ ನಾಡಿದ್ದಿನಿಂದ ಈ ಚೆಂಡನ್ನು ಯಾರೂ ಮೂಸಿ ನೋಡುದಿಲ್ಲ. ನಂಗೆ ರಬ್ಬರ್ ಸಿಗುದಿಲ್ಲ. ನಾನು ರೂಪೇಶಣ್ಣನ ಹನ್ನೆರಡು ಸಾವಿರಕ್ಕೆ ಹೋಗ್ಬೇಕು. ಇಷ್ಟೇ."

ಲೀನಾ ಬಾಯಮ್ಮ ಎದ್ದು ಗೋಡೆಯ ಹತ್ತಿರ ಹೋದರು. ಸುಣ್ಣದ ಮೇಲೆ ಹಳೆಯ ಇದ್ದಿಲ ಗೆರೆಗಳು ಇನ್ನೂ ಕಾಣುತ್ತಿದ್ದವು.

"ದರ ಇಳಿದ ದಿನ ಹೂ ವಾಪಸ್ ಕೊಡ್ಲಿಕ್ಕೆ ಯಾರಿಗೂ ಕಷ್ಟ ಇಲ್ಲ. ದರ ಏರಿದ ದಿನ ಯಾರು ಕೊಡ್ತಾರೆ ಅಂತ ನೋಡಿಯೇ ನನ್ನ ಅತ್ತೆ ಸಾಲ ಕೊಡ್ತಿದ್ದದ್ದು." ಶರ್ಮಿಳಾಳ ಕಡೆ ತಿರುಗಿದರು. "ಕಳೆದ ಮೇ ತಿಂಗಳಲ್ಲಿ ರೂಪೇಶ ಅಟ್ಟೆಗೆ ಎಷ್ಟು ಕೊಟ್ಟ?"

"ಎಂಬತ್ತು."

"ನಾರಿಗೆ ಸಹ ಸಾಲ್ಲಿಲ್ಲ. ಆಗ ಈ ಮೂರು ಸಾವಿರ ಎಲ್ಲಿ ಇಟ್ಟಿದ್ದ? ಇವತ್ತು ಇವಳ ಕೈ ಮುರೀಲಿಕ್ಕೆ ಮೂರು ಸಾವಿರ ಕೊಡುವವ, ನಾಳೆ ಅದನ್ನು ನಮ್ಮ ಹೂವಿಂದಲೇ ತೆಗೀತಾನೆ. ನಾನು ಪೊರ್ಬುಗಳಿಗೆ ಕೊಡ್ತೇನೆ. ನಿಮ್ಮ ಕೈ ನಿಮ್ಮದು."

ಹೆಂಗಸರು ಸೆರಗು ಕೊಡವಿ ಎದ್ದು ಹೋದರು. ಭವ್ಯಶ್ರೀಗೆ ಬಸ್ಸು ಹಿಡಿಯುವವರೆಗೂ ಉತ್ತರ ಸಿಗಲಿಲ್ಲ.

ಮದುವೆಯ ದಿನ ಸೂರ್ಯ ಮೇಲೆ ಬರುವ ಹೊತ್ತಿಗೆ ಲೀನಾ ಬಾಯಮ್ಮನ ಜಗಲಿಯಲ್ಲಿ ಹನ್ನೆರಡು ಜನ ಹೂ ಕಟ್ಟುತ್ತಿದ್ದರು. ಇಬ್ಬರು ಕಟ್ಟೆಗೆ ಹೋದರು. ಹೋದವರಲ್ಲಿ ಶರ್ಮಿಳಾ ಇರಲಿಲ್ಲ. ಅವಳು ಮೂಲೆಯಲ್ಲಿ ಕೂತು ಯಾರ ಮುಖವನ್ನೂ ನೋಡದೆ ಎಲ್ಲರಿಗಿಂತ ವೇಗವಾಗಿ ಕಟ್ಟುತ್ತಿದ್ದಳು. ಭವ್ಯಶ್ರೀಯೂ ಕೂತಳು. ಐದು ನಿಮಿಷದಲ್ಲಿ ಲೀನಾ ಬಾಯಮ್ಮ ಅವಳ ಕೈಯಿಂದ ನಾರು ಕಿತ್ತುಕೊಂಡರು.

"ಇದು ಬಲೆಯ ಗಂಟು ಮಾರಾಯ್ತಿ. ಮೊಗ್ಗಿನ ಕುತ್ತಿಗೆ ಹೋಯ್ತು. ನೀನು ಎಣಿಸು, ಸಾಕು."

ಎಣಿಸಿದಳು. ಎಂಟೂವರೆ ಅಟ್ಟೆ. ಗಂಟೆ ಎಂಟು.

ಆಗ ಅಕ್ಕು ಮಾಮಿಯ ಸ್ಕೂಟರ್ ಬಂತು. ಹಿಂದಿನ ಮೀನಿನ ಪೆಟ್ಟಿಗೆಯ ಮೇಲೆ ಬಾಳೆ ಎಲೆ ಹಾಸಿ ಒದ್ದೆ ಬಟ್ಟೆ ಮುಚ್ಚಿದ್ದಳು. ಬೆಳಿಗ್ಗೆಯಿಂದ ಅವಳು ಫೋನಿನ ಗೋಡೆಯ ಹೆಸರನ್ನೂ ಕೇಳದ ಮನೆಗಳಿಗೆ ಹೋಗಿದ್ದಳು. ಬೇರೆ ಕಟ್ಟೆಗಳಿಗೆ ಹೂ ಹಾಕುವ, ರೂಪೇಶನ ಹಂಗಿಲ್ಲದ ಮನೆಗಳು. ಮೂವತ್ತು ವರ್ಷ ಮೀನು ಕೊಟ್ಟ ಅಂಗಳಗಳು. ಮದುವೆಗೆ ಹೂ ಸಾಲ ಬೇಕು ಎಂದಷ್ಟೇ ಹೇಳಿದ್ದಳು. ಮದುವೆಗೆಂದು ಕೇಳಿದರೆ ಇಲ್ಲವೆನ್ನುವ ರೂಢಿ ಆ ಊರಿಗಿಲ್ಲ. ಒಂದು ಮನೆಯವರು ಎರಡು ಚೆಂಡು, ಇನ್ನೊಬ್ಬರು ಅರ್ಧ, ಒಬ್ಬ ಮುದುಕಿ ಬಟ್ಟಲು ತುಂಬ ಬಿಡಿ ಮೊಗ್ಗು.

"ಎಷ್ಟು ಮನೆ ಮಾಮಿ?"

"ನನ್ನ ಬೆರಳು ಮುಗಿಯಿತು. ಗೋಡೆ ಗೋಡೆಗೆ ನಿನ್ನ ಹೆಸರಲ್ಲಿ ಗೆರೆ ಎಳೆದು ಬಂದಿದ್ದೇನೆ, ಇದ್ದಿಲಲ್ಲಿ. ಅಳಿಸ್ಲಿಕ್ಕೆ ನೀನೇ ಹೋಗು."

ಒಂಬತ್ತೂವರೆಗೆ ಹತ್ತೊಂಬತ್ತು ಅಟ್ಟೆ ಆಯಿತು. ಇಪ್ಪತ್ತನೆಯದಕ್ಕೆ ಊರಿನಲ್ಲಿ ಮೊಗ್ಗೇ ಉಳಿದಿರಲಿಲ್ಲ.

ದೋಣಿಯವರ ಪಿಕಪ್ಪಿನಲ್ಲಿ ಹೂ ಹೇರಿಕೊಂಡು ಕಾರ್ಕಳಕ್ಕೆ ಹೋದಾಗ ಮ್ಯಾಕ್ಸಿಮ್ ಹೊಸ ಶರ್ಟ್ ಹಾಕಿಕೊಂಡು ಅಂಗಡಿಯ ಮುಂದೆಯೇ ನಿಂತಿದ್ದರು. ಉಗುರಿನ ಸಂದಿಯ ಕಪ್ಪು ಮಾತ್ರ ಹೋಗಿರಲಿಲ್ಲ. ಒಂದೊಂದೇ ಅಟ್ಟೆ ಇಳಿಸಿ ಎಣಿಸಿದರು.

"ಹತ್ತೊಂಬತ್ತು. ಒಂದು ಕಮ್ಮಿ."

"ಕಮ್ಮಿ."

"ಅದರ ದುಡ್ಡು ಕೊಡ್ತೀಯಾ?"

"ಇಲ್ಲ. ಹೂವೇ ಕೊಡುದು. ಈಸ್ಟರಿಗೆ."

ಮ್ಯಾಕ್ಸಿಮ್ ಒಂದು ಅಟ್ಟೆಯನ್ನು ಮೂಗಿನ ಹತ್ತಿರ ಹಿಡಿದರು. ಮುಖ ಸಿಂಡರಿಸಿದರು. "ಇದಕ್ಕೆ ಬಂಗುಡೆ ವಾಸನೆ ಉಂಟು."

"ಒಂದು ಅಟ್ಟೆಗೆ ಇರಬಹುದು ಪೊರ್ಬುಗಳೇ."

"ಅದನ್ನು ಅಳಿಯನ ಕಡೆಯವರಿಗೆ ಕೊಡುವ," ಎಂದು ಅವರು ಹೂ ಒಳಗೆ ಕಳಿಸಿದರು. ಹೋಗುವ ಮೊದಲು ಅವಳನ್ನು ಕರೆದು ಮೂಲೆಯಲ್ಲಿದ್ದ ರಬ್ಬರ್ ಹಾಳೆಗಳ ಕಟ್ಟು ತೋರಿಸಿದರು. "ಜನವರಿಯದ್ದು ತಗೊಂಡು ಹೋಗು. ಆ ಒಂದು ಅಟ್ಟೆ ಬಾಕಿ ಇರಲಿ. ಬಾಕಿ ತೀರಿದರೆ ನೀವು ಈ ಕಡೆ ತಲೆ ಹಾಕುವ ಜನ ಅಲ್ಲ."

ಮರುದಿನ ರೂಪೇಶ್ ಹನ್ನೆರಡು ಹೆಸರು ಹೊಡೆದ. ಮಾತಿಗೆ ತಪ್ಪುವವನಲ್ಲ. ಮೂರು ದಿನ ಆ ಹೆಂಗಸರ ಹೂ ಅಕ್ಕು ಮಾಮಿಯ ಸ್ಕೂಟರಿನಲ್ಲಿ ಉಡುಪಿಯ ರಥಬೀದಿಯ ಹೂವಿನವರಿಗೆ ನೇರವಾಗಿ ಹೋಯಿತು. ಅಲ್ಲಿ ಮೊದಲ ದಿನ ಒಳ್ಳೆ ದರ ಸಿಕ್ಕಿತು, ಎರಡನೆಯ ದಿನ ಚೌಕಾಸಿ ಮಾಡಿದರು. ನಷ್ಟವೂ ಆಯಿತು. ನಾಲ್ಕನೆಯ ದಿನ, ಕಟ್ಟೆಗೆ ಹೋಗಿದ್ದ ಆ ಇಬ್ಬರು ಹೆಂಗಸರು ಬಂದು, ತಮ್ಮ ಹೆಸರನ್ನೂ ಪುನಃ ಫೋನಿನ ಗೋಡೆಗೆ ಹಾಕಲು ಆಗುತ್ತದಾ ಎಂದು ಕೇಳಿದರು. ಮೂರು ಸಾವಿರದ ಮರುದಿನ ಕಟ್ಟೆಯ ದರ ಸಾವಿರದ ಇನ್ನೂರಕ್ಕೆ ಇಳಿದಿತ್ತಂತೆ. ಶರ್ಮಿಳಾ ಅವರಿಗೆ ಕೂರಲು ಜಾಗ ಕೊಟ್ಟಳು, ಚಹಾ ಕೊಡಲಿಲ್ಲ.

ಜನವರಿಯ ಮೊದಲ ವಾರ ಭವ್ಯಶ್ರೀಗೆ ಠಾಣೆಯಿಂದ ಕರೆ ಬಂತು. ಅಕ್ರಮ ಕರೆನ್ಸಿ ನಡೆಸುತ್ತಿದ್ದಾಳೆಂದು ಅರ್ಜಿ. ಅರ್ಜಿದಾರನ ಹೆಸರನ್ನು ಯಾರೂ ಹೇಳಬೇಕಾಗಿರಲಿಲ್ಲ.

ಅವಳು ಬಾಳೆ ಎಲೆಯ ಒಂದು ಪೊಟ್ಟಣ ಹಿಡಿದುಕೊಂಡು ಹೋದಳು. ಹಿಂದೆಯೇ ಎರಡು ರಿಕ್ಷಾದಲ್ಲಿ ಹೆಂಗಸರು ಬಂದು ಠಾಣೆಯ ಹೊರಗಿನ ಬೆಂಚಿನಲ್ಲಿ ಕೂತು ನಾರು ಬಿಡಿಸತೊಡಗಿದರು; ಹೂ ಕಾಯುವುದಿಲ್ಲ. ಎಸ್.ಐ. ಹಾಸನದ ಕಡೆಯವರು, ಬಂದು ಎರಡು ತಿಂಗಳಾಗಿತ್ತು.

"ಏನಮ್ಮ ಇದು ಚೆಂಡು ಅಂದ್ರೆ? ಬಿಟ್‌ಕಾಯಿನ್ ತರಾನಾ?"

ಭವ್ಯಶ್ರೀ ಪೊಟ್ಟಣ ಬಿಚ್ಚಿ ಮೇಜಿನ ಮೇಲಿಟ್ಟಳು. "ಇದು ಸರ್. ಎಂಟುನೂರು ಮೊಗ್ಗು ಉಂಟು. ಎಣಿಸಿ ನೋಡಿ."

ಎಸ್.ಐ. ಹೂವನ್ನು ನೋಡಿದರು, ಅರ್ಜಿಯನ್ನು ನೋಡಿದರು. ಪಕ್ಕದಲ್ಲಿದ್ದ ಮಹಿಳಾ ಕಾನ್‌ಸ್ಟೇಬಲ್ ಬಾಗಿ ಮೂಸಿ, ಬಾಗಿದ್ದು ಯಾರೂ ನೋಡಲಿಲ್ಲವೆಂಬಂತೆ ನೆಟ್ಟಗಾದಳು.

"ಇದನ್ನ ಫೋನಲ್ಲಿ ಹಂಚ್ತೀರಂತೆ?"

"ಇದನ್ನು ಫೋನಲ್ಲಿ ಹಂಚ್ಲಿಕ್ಕೆ ಆಗುದಿಲ್ಲ ಸರ್. ಯಾರು ಯಾರಿಗೆ ಎಷ್ಟು ಕೊಡ್ಬೇಕು ಅಂತ ಬರೆದಿಡುದು. ಮೊದಲು ಗೋಡೆಯಲ್ಲಿ ಬರೀತಿದ್ದರು."

"ಹೇಳಿಕೆ ಬರ್ಕೊಡಿ. ತನಿಖೆ ಆಗ್ಬೇಕಲ್ಲ."

ಅವಳು ಅಲ್ಲೇ ಕೂತು ಬರೆದಳು. ನಾನು ಕಾರ್ಕಳದ ಮ್ಯಾಕ್ಸಿಮ್ ಅವರಿಗೆ ನಾಲ್ಕು ಚೆಂಡು ಮಲ್ಲಿಗೆ ಕೊಡಲು ಬಾಕಿ ಇದೆ, ಈಸ್ಟರಿನೊಳಗೆ ಕೊಟ್ಟೇ ಕೊಡುತ್ತೇನೆ. ಶಂಕರಪುರದ ಇಪ್ಪತ್ತಮೂರು ಮನೆಗಳಿಂದ ತಂದ ಸಾಲ ಹೂ ಬಾಕಿ ಇದೆ, ಅದನ್ನೂ ಕೊಡುತ್ತೇನೆ. ಬ್ಯಾಂಕಿನಿಂದ ನನಗೆ ನಲವತ್ತೊಂದು ಸಾವಿರ ರೂಪಾಯಿ ಬರಲು ಬಾಕಿ ಇದೆ. ಅದನ್ನು ಅವರು ಯಾವ ಹಬ್ಬಕ್ಕೆ ಕೊಡುತ್ತಾರೆಂದು ದಯವಿಟ್ಟು ತನಿಖೆ ಮಾಡಿ ತಿಳಿಸಬೇಕು.

ಎಸ್.ಐ. ಅದನ್ನು ಎರಡು ಸಲ ಓದಿದರು. ಕೊನೆಯ ಸಾಲಿಗೆ ಬಂದಾಗ ಮೀಸೆ ಸ್ವಲ್ಪ ಅಲುಗಿತು.

"ಸರಿ, ಹೋಗಿ. ಕರೆದಾಗ ಬನ್ನಿ. ಈ ಹೂ ಇಲ್ಲೇ ಇರಲಿ, ಸಾಕ್ಷಿಗೆ."

"ರಸೀದಿ ಕೊಡಿ ಸರ್."

"ಹೂವಿಗೆ ರಸೀದಿನಾ?"

"ವಸ್ತು ಹಿಡ್ಕೊಂಡರೆ ಕೊಡ್ಬೇಕು ಅಲ್ವಾ? ನನ್ನ ಬ್ಯಾಂಕಿನವರೂ ಕೊಟ್ಟಿಲ್ಲ. ಅದಕ್ಕೇ ಕೇಳ್ತಿದ್ದೇನೆ."

ಎಸ್.ಐ. ಕಾನ್‌ಸ್ಟೇಬಲ್ ಕಡೆ ನೋಡಿದರು. ಅವಳು ಪುಸ್ತಕ ತೆಗೆದು, ಏನೆಂದು ಬರೆಯುವುದು ಎಂದು ಒಂದು ಕ್ಷಣ ಪೆನ್ನು ಹಿಡಿದು ಯೋಚಿಸಿ, ಬೇರೆ ಪದ ಸಿಗದೆ ಬರೆದಳು: ಒಂದು ಚೆಂಡು ಮಲ್ಲಿಗೆ ಪಡೆದುಕೊಳ್ಳಲಾಗಿದೆ. ಕೆಳಗೆ ಎಸ್.ಐ. ಸಹಿ, ಠಾಣೆಯ ಮೊಹರು.

ಭವ್ಯಶ್ರೀ ಮೊಹರಿನ ಶಾಯಿ ಒಣಗುವವರೆಗೆ ಊದಿ, ರಸೀದಿಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು.

"ಸಂಜೆಯೊಳಗೆ ಇದು ಬಾಡ್ತದೆ ಸರ್. ಕೇಸು ಮುಗಿದ ಮೇಲೆ ವಾಪಸ್ ಕೊಡುವಾಗ ದುಡ್ಡು ಕೊಟ್ಟರೆ ನಾವು ತಗೊಳ್ಳುದಿಲ್ಲ," ಎಂದಳು. "ಚೆಂಡಿಗೆ ಚೆಂಡು."

ಹೊರಗೆ ಅಕ್ಕು ಮಾಮಿ ಸ್ಕೂಟರ್ ಚಾಲೂ ಮಾಡಿದ್ದಳು.